ಮತ್ತಾಯ 24: ಇನ್ನು ಮುಂದೆ ಆಗುವುದಾ, ಕ್ರಿ.ಶ. 70ರಲ್ಲೇ ಆಗಿಹೋಯಿತಾ?

ಸಿದ್ದಾಪುರ ರೈಟರ್

ಎಲ್ಲರಿಗೂ ನಮಸ್ಕಾರ. ನಮ್ಮ ಸಭೆಯ ಬೈಬಲ್ ಸ್ಟಡಿಯಲ್ಲಿ ಈಗ ಮತ್ತಾಯನ ಸುವಾರ್ತೆಯ 24ನೇ ಅಧ್ಯಾಯ ನಡೆಯುತ್ತಿದೆ. ಮುಂದಿನ ವಾರ ನಡೆಸುವ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ಅಲ್ಲಿ ಬಾಯಿ ಬಿಡುವ ಮೊದಲು ಇಲ್ಲಿ ನಿಮ್ಮ ಹತ್ತಿರ ಬೈಸಿಕೊಳ್ಳೋಣ ಅಂತ ಬರೆಯುತ್ತಿದ್ದೇನೆ. ಸುಮ್ನೆ ಆಮೆನ್ ಹಾಕಿ ಹೋಗಬೇಡಿ.

ನನ್ನ ಮಾತು ಇಷ್ಟೇ. ಆ ಅಧ್ಯಾಯದಲ್ಲಿ ನಾವು ‘ಕಡೇ ದಿನಗಳ ಗುರುತು’ ಅಂತ ಹೇಳಿಕೊಂಡು ಬಂದಿರುವುದರಲ್ಲಿ ಜಾಸ್ತಿ ಪಾಲು ಲೋಕದ ಅಂತ್ಯದ ವಿಷಯವೇ ಅಲ್ಲ. ಕ್ರಿ.ಶ. 70ರಲ್ಲಿ ರೋಮ್ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿ ದೇವಾಲಯವನ್ನು ಸುಟ್ಟಿತಲ್ಲ, ಅದರ ವಿಷಯ. ಅಂದರೆ ನೆರವೇರಿಯಾಗಿದೆ. ಹೀಗೆ ಓದುವವರಿಗೆ ಪ್ರೆಟರಿಸ್ಟ್ ಎಂಬ ಹೆಸರಿದೆ. ಅವರಲ್ಲೂ ಎರಡು ಗುಂಪು. ‘ಬಹುಪಾಲು ನೆರವೇರಿದೆ, ಯೇಸು ಕರ್ತನ ಎರಡನೇ ಬರೋಣ ಮತ್ತು ಸತ್ತವರ ಪುನರುತ್ಥಾನ ಇನ್ನೂ ಬಾಕಿ’ ಎನ್ನುವವರು ಒಂದು ಕಡೆ. ‘ಬರೋಣವೂ ಸೇರಿ ಎಲ್ಲಾ ಆಗಿಹೋಗಿದೆ’ ಎನ್ನುವವರು ಇನ್ನೊಂದು ಕಡೆ. ನಾನು ಮೊದಲನೇ ಗುಂಪಿನವನು.

ಯಾಕೆ ಅಂತ ಹೇಳುತ್ತೇನೆ. ಮಾತು ಶುರುವಾಗುವುದೇ ಕಟ್ಟಡದಿಂದ. ಶಿಷ್ಯರು ದೇವಾಲಯ ತೋರಿಸುತ್ತಾರೆ. ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಎನ್ನುತ್ತಾನೆ ಯೇಸು. ಅದು ಯಾವಾಗ ಎಂದು ಅವರು ಕೇಳುತ್ತಾರೆ. ಉತ್ತರದಲ್ಲಿ ಬರುವುದೆಲ್ಲ ಆ ಊರಿನ ಸಂಗತಿಗಳು: ಯೂದಾಯದಲ್ಲಿರುವವರು ಬೆಟ್ಟಕ್ಕೆ ಓಡಲಿ, ಮಾಳಿಗೆ ಮೇಲಿರುವವನು ಸಾಮಾನು ತರಲು ಒಳಗೆ ಹೋಗದಿರಲಿ, ಓಡುವುದು ಚಳಿಗಾಲದಲ್ಲಿ ಅಥವಾ ಸಬ್ಬತ್ ದಿನ ಬಾರದಿರಲಿ. ಇಡೀ ಭೂಮಿಯೇ ಮುಗಿಯುವುದಾದರೆ ಬೆಟ್ಟಕ್ಕೆ ಓಡಿ ಏನು ಮಾಡುವುದು? ಇದು ತಪ್ಪಿಸಿಕೊಳ್ಳಬಹುದಾದ ಆಪತ್ತು. ತಪ್ಪಿಸಿಕೊಳ್ಳಲಿ ಅಂತಲೇ ಮೊದಲೇ ಹೇಳಿದ್ದು.

34ನೇ ವಚನದಲ್ಲಿ ಗಡುವೂ ಇದೆ. ಈ ಸಂತತಿ ಅಳಿಯುವ ಮುಂಚೆ ಇದೆಲ್ಲ ಆಗುತ್ತದೆ. ಹೇಳಿದ್ದು ಸುಮಾರು ಕ್ರಿ.ಶ. 30ರಲ್ಲಿ, ಆಗಿದ್ದು 70ರಲ್ಲಿ. ಲೆಕ್ಕ ನೀವೇ ಹಾಕಿ.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನಲ್ಲಿ ಬೆಟ್ಟವೇ ಕೆಳಗೆ ಬಂತು. ಮನೆ ಕಳೆದುಕೊಂಡವರ ಮುಂದೆ ನಿಂತು, ಇದೇ ಅಧ್ಯಾಯ ತೆರೆದು, ಗುರುತುಗಳು ಶುರುವಾದವು ಎಂದು ಪ್ರಸಂಗ ಮಾಡಿದವರನ್ನು ನಾನೇ ಕೇಳಿದ್ದೇನೆ. ಬೆಟ್ಟದಿಂದ ಓಡಿ ಬಂದವರಿಗೆ ‘ಬೆಟ್ಟಕ್ಕೆ ಓಡಿರಿ’ ಎಂಬ ಅಧ್ಯಾಯ!

ಕುಶಾಲನಗರ ಬ್ರದರ್

ಕರ್ತನಿಗೆ ಸ್ತೋತ್ರ. ಬ್ರದರ್, ನಿಮ್ಮ ಬರಹ ಓದಿ ಸ್ವಲ್ಪ ಬೇಸರವಾಯಿತು. ಬೇಸರ ಪಕ್ಕಕ್ಕಿಟ್ಟು ಮೂರು ಪ್ರಶ್ನೆ ಕೇಳುತ್ತೇನೆ.

14ನೇ ವಚನ ನೋಡಿ. ಸುವಾರ್ತೆ ಇಡೀ ಲೋಕಕ್ಕೆ ಸಾರಲ್ಪಡಬೇಕು, ಆಮೇಲೆ ಅಂತ್ಯ. 70ರೊಳಗೆ ಇಡೀ ಲೋಕಕ್ಕೆ ಸಾರಿದ್ದರಾ? ಕೊಡಗಿಗೆ ಬಂದಿತ್ತಾ? 21ನೇ ವಚನ: ಲೋಕ ಹುಟ್ಟಿದಾಗಿನಿಂದ ಅಂಥ ಸಂಕಟ ಆಗಿಲ್ಲ, ಮುಂದೆಯೂ ಆಗುವುದಿಲ್ಲ. ಹಿಟ್ಲರ್ ಕಾಲದಲ್ಲಿ ಸುಮಾರು 60 ಲಕ್ಷ ಯೆಹೂದ್ಯರು ಸತ್ತರು. ಹಾಗಾದರೆ 70ರ ಸಂಕಟವೇ ಅತಿ ದೊಡ್ಡದು ಅನ್ನುವುದು ಹೇಗೆ? ಮೂರನೆಯದು 30ನೇ ವಚನ. ಭೂಮಿಯ ಎಲ್ಲಾ ಕುಲದವರು ಮನುಷ್ಯಕುಮಾರನು, ಅಂದರೆ ಯೇಸು, ಮೇಘಗಳ ಮೇಲೆ ಬರುವುದನ್ನು ಕಾಣುತ್ತಾರೆ. ಯಾರು ಕಂಡರು?

1948ರಲ್ಲಿ ಇಸ್ರೇಲ್ ದೇಶ ಹುಟ್ಟಿತು. 1967ರಲ್ಲಿ ಹಳೇ ಯೆರೂಸಲೇಮ್ ಅವರ ಕೈಗೆ ಬಂತು. 32ನೇ ವಚನದ ಅಂಜೂರದ ಮರ ಅಂದರೆ ಇಸ್ರೇಲ್, ಅದು ಚಿಗುರಿದೆ ಬ್ರದರ್. ಎಚ್ಚರವಾಗಿರಿ.

ಮಕ್ಕಂದೂರು ಹುಡುಗ

ನಾನು ಕ್ರಿಶ್ಚಿಯನ್ ಅಲ್ಲ. ಟೈಟಲ್ ನೋಡಿ ಒಳಗೆ ಬಂದೆ. ರೈಟರ್ ಅಣ್ಣ ಹೇಳಿದ ಪ್ರಸಂಗ ನಮ್ಮ ಕಡೆಯೂ ಬೇರೆ ಬೇರೆ ಬಣ್ಣದಲ್ಲಿ ಆಯಿತು. ಒಬ್ಬರು ಕಲಿಯುಗ ಮುಗಿಯಿತು ಅಂದರು, ಇನ್ನೊಬ್ಬರು ಕಾವೇರಮ್ಮೆ ಮುನಿದಳು ಅಂದರು. ಭೂವಿಜ್ಞಾನದವರು ಬಂದು ಹೇಳಿದ್ದು ಅತಿ ಮಳೆ, ಇಳಿಜಾರನ್ನು ಕಂಡ ಹಾಗೆ ಕಡಿದದ್ದು. ಜೆಸಿಬಿ ಬಗ್ಗೆ ಪ್ರವಾದನೆ ಯಾರೂ ಮಾಡಿರಲಿಲ್ಲ.

ಒಂದು ಡೌಟ್. ಈ ಪುಸ್ತಕಗಳನ್ನು ಬರೆದದ್ದೇ 70 ಆದ ಮೇಲೆ ಅಂತ ಎಲ್ಲೋ ಓದಿದ್ದೆ. ಹಾಗಿದ್ದರೆ ಇದು ಭವಿಷ್ಯ ಹೇಗಾಯಿತು? ಪಂದ್ಯ ಮುಗಿದ ಮೇಲೆ ಸ್ಕೋರ್ ಹೇಳಿದ ಹಾಗಲ್ವಾ?

ಪೊನ್ನಂಪೇಟೆ ಲೈಬ್ರರಿ

ಮಕ್ಕಂದೂರು ಅವರ ಪ್ರಶ್ನೆಯೇ ಇಲ್ಲಿ ಅತಿ ಗಟ್ಟಿ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು 70ರಲ್ಲಿ ಏನಾಯಿತು ಎಂದು ಎಲ್ಲರೂ ತಿಳಿಯುವುದು ಒಳ್ಳೆಯದು. ಇಲ್ಲದಿದ್ದರೆ ಎರಡೂ ಕಡೆಯವರು ಗಾಳಿಯಲ್ಲಿ ಗುದ್ದಾಡಿದಂತೆ.

ರೋಮ್ ವಿರುದ್ಧ ಯೆಹೂದ್ಯರ ದಂಗೆ ಶುರುವಾದದ್ದು 66ರಲ್ಲಿ. ಸಿರಿಯಾದ ರೋಮನ್ ಅಧಿಕಾರಿ ಸೆಸ್ಟಿಯಸ್ ಗ್ಯಾಲಸ್ ಸೈನ್ಯ ತೆಗೆದುಕೊಂಡು ಯೆರೂಸಲೇಮಿನ ಗೋಡೆವರೆಗೂ ಬಂದ. ಒಳಗೆ ನುಗ್ಗುವ ಹಂತದಲ್ಲಿ ಇದ್ದಕ್ಕಿದ್ದಂತೆ ಹಿಂದಕ್ಕೆ ಹೊರಟ. ದಾರಿಯಲ್ಲಿ ಬೇತ್ ಹೋರೋನ್ ಕಣಿವೆಯಲ್ಲಿ ಪೆಟ್ಟು ತಿಂದ. ಆಮೇಲೆ ನೀರೋ ಚಕ್ರವರ್ತಿ ವೆಸ್ಪಾಸಿಯನ್‌ನನ್ನು ಕಳಿಸಿದ. 68ರಲ್ಲಿ ನೀರೋ ಸತ್ತ. 69ರಲ್ಲಿ ಒಂದೇ ವರ್ಷ ನಾಲ್ವರು ಚಕ್ರವರ್ತಿಗಳು. ಕೊನೆಗೆ ಉಳಿದವನು ವೆಸ್ಪಾಸಿಯನ್. ಯುದ್ಧ ಮುಗಿಸುವ ಕೆಲಸ ಮಗ ಟೈಟಸ್‌ಗೆ ಬಿಟ್ಟ.

70ರಲ್ಲಿ ಯೆಹೂದ್ಯರ ಪಸ್ಕ ಹಬ್ಬದ ಹೊತ್ತಿಗೆ ಟೈಟಸ್ ಬಂದ. ಹಬ್ಬಕ್ಕೆ ಬಂದ ಜನ ಊರೊಳಗೇ ಸಿಕ್ಕಿಬಿದ್ದರು. ಒಳಗೆ ಯೆಹೂದ್ಯರದೇ ಮೂರು ಬಣ. ಒಬ್ಬರ ಧಾನ್ಯದ ಉಗ್ರಾಣಕ್ಕೆ ಇನ್ನೊಬ್ಬರು ಬೆಂಕಿ ಇಟ್ಟರು. ಮುತ್ತಿಗೆ ಶುರುವಾಗುವ ಮೊದಲೇ ಅನ್ನ ಸುಟ್ಟುಕೊಂಡ ಊರು ಅದು. ಟೈಟಸ್‌ನ ಸೈನಿಕರು ಊರಿನ ಸುತ್ತ ಸುಮಾರು 7 ಕಿಲೋಮೀಟರ್ ಗೋಡೆಯನ್ನು ಮೂರೇ ದಿನದಲ್ಲಿ ಎಬ್ಬಿಸಿದರಂತೆ. ಆಗಸ್ಟ್‌ನಲ್ಲಿ ದೇವಾಲಯ ಸುಟ್ಟಿತು. ಒಬ್ಬ ಸೈನಿಕ ಉರಿಯುವ ಕೊಳ್ಳಿಯನ್ನು ಕಿಟಕಿಯೊಳಗೆ ಎಸೆದ, ಟೈಟಸ್‌ಗೆ ಅದು ಇಷ್ಟವಿರಲಿಲ್ಲ ಎಂದು ಆ ಕಾಲದ ಯೆಹೂದ್ಯ ಚರಿತ್ರೆಕಾರ ಜೋಸೆಫಸ್ ಬರೆಯುತ್ತಾನೆ.

ಈ ಜೋಸೆಫಸ್‌ನನ್ನು ಕಣ್ಣು ಮುಚ್ಚಿ ನಂಬಬೇಡಿ. ಅವನು ಗಲಿಲಾಯದಲ್ಲಿ ಯೆಹೂದ್ಯರ ಸೇನಾಪತಿಯಾಗಿದ್ದು, 67ರಲ್ಲಿ ರೋಮನ್ನರಿಗೆ ಶರಣಾದವನು. ಆಮೇಲೆ ಅವರ ಆಶ್ರಯದಲ್ಲೇ ಕೂತು ಬರೆದವನು. ಟೈಟಸ್‌ನನ್ನು ಒಳ್ಳೆಯವನನ್ನಾಗಿ ತೋರಿಸುವುದು ಅವನಿಗೆ ಬೇಕಿತ್ತು. ಸತ್ತವರು 11 ಲಕ್ಷ ಎನ್ನುತ್ತಾನೆ. ಅಷ್ಟು ಜನ ಆ ಊರಲ್ಲಿ ಹಿಡಿಯುವುದೇ ಇಲ್ಲ ಎಂಬುದು ಇತಿಹಾಸಕಾರರ ಮಾತು. ಆದರೆ ಮುತ್ತಿಗೆ, ಹಸಿವು, ಬೆಂಕಿ, ಇವು ನಿಜ. ರೋಮ್‌ನಲ್ಲಿ ಟೈಟಸ್‌ನ ಕಮಾನು ಇಂದಿಗೂ ನಿಂತಿದೆ. ಅದರ ಕೆತ್ತನೆಯಲ್ಲಿ ಸೈನಿಕರು ದೇವಾಲಯದ ಏಳು ಕವಲಿನ ದೀಪಸ್ತಂಭ ಹೊತ್ತು ಹೋಗುತ್ತಿದ್ದಾರೆ.

ಇನ್ನು ಬರೆದದ್ದು ಯಾವಾಗ ಎಂಬ ಪ್ರಶ್ನೆ. ಹೆಚ್ಚಿನ ವಿದ್ವಾಂಸರು ಮಾರ್ಕನ ಸುವಾರ್ತೆಯನ್ನು 70ರ ಆಸುಪಾಸಿಗೆ, ಮತ್ತಾಯ ಮತ್ತು ಲೂಕರ ಸುವಾರ್ತೆಗಳನ್ನು 80ರ ದಶಕದ ಹತ್ತಿರಕ್ಕೆ ಇಡುತ್ತಾರೆ. ಲೂಕ 19ರಲ್ಲಿ ಶತ್ರುಗಳು ದಿಬ್ಬ ಹಾಕಿ ಸುತ್ತಲೂ ಮುತ್ತುತ್ತಾರೆ ಎಂಬ ಮಾತಿದೆ. ನೋಡಿ ಬರೆದ ಹಾಗಿದೆ ಎನ್ನುತ್ತಾರೆ. ಆದರೆ ಸಿ. ಎಚ್. ಡಾಡ್ ಎಂಬ ವಿದ್ವಾಂಸ 1947ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದ. ಆ ಮಾತುಗಳೆಲ್ಲ ಹಳೇ ಪ್ರವಾದಿಗಳಲ್ಲೇ ಇವೆ, ಬಾಬೆಲಿನವರು ಯೆರೂಸಲೇಮನ್ನು ಕೆಡವಿದ ವರ್ಣನೆಯಿಂದ ಬಂದವು, 70ನ್ನು ನೋಡಿಯೇ ಬರೆಯಬೇಕಿರಲಿಲ್ಲ ಎಂದು. ಜಾನ್ ಎ. ಟಿ. ರಾಬಿನ್ಸನ್ ಎಂಬ ಆಂಗ್ಲಿಕನ್ ಬಿಷಪ್ 1976ರಲ್ಲಿ ಇನ್ನೂ ಮುಂದೆ ಹೋದ. ಹೊಸ ಒಡಂಬಡಿಕೆ ಪೂರ್ತಿ 70ಕ್ಕಿಂತ ಮೊದಲಿನದು ಎಂದು ವಾದಿಸಿದ. ಬಹಳ ಜನ ಒಪ್ಪಲಿಲ್ಲ.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ದೇವಾಲಯ ಬಿದ್ದದ್ದು ಬೆಂಕಿಯಿಂದ. ಈ ಅಧ್ಯಾಯದಲ್ಲಿ ಬೆಂಕಿಯ ಸುದ್ದಿಯೇ ಇಲ್ಲ. ಸುಟ್ಟದ್ದು ಆಗಸ್ಟ್‌ನಲ್ಲಿ. ಇಲ್ಲಿ ‘ಚಳಿಗಾಲದಲ್ಲಿ ಬಾರದಿರಲಿ ಎಂದು ಪ್ರಾರ್ಥಿಸಿ’ ಅಂತಿದೆ. ಸ್ಕೋರ್ ಗೊತ್ತಿದ್ದವನು ಹೀಗೆ ಬರೆಯುತ್ತಾನಾ?

ಮಕ್ಕಂದೂರು ಹುಡುಗ

ಹ್ಞಾಂ, ಚಳಿಗಾಲದ ಪಾಯಿಂಟ್ ಚೆನ್ನಾಗಿದೆ. ಆದರೂ ಹಳೇ ಮಾತನ್ನು ಆಮೇಲೆ ಬರೆದಿಟ್ಟಿರಬಹುದು, ಬರೆಯುವಾಗ ಸ್ವಲ್ಪ ಸೇರಿಸಿರಬಹುದು. ಎರಡೂ ಆಗಬಹುದಲ್ವಾ.

ಪೊನ್ನಂಪೇಟೆ ಲೈಬ್ರರಿ

ಆಗಬಹುದು. ಬಹಳ ವಿದ್ವಾಂಸರು ನಿಂತಿರುವುದೂ ಸರಿಸುಮಾರು ಅಲ್ಲೇ.

ಸಿದ್ದಾಪುರ ರೈಟರ್

ಬ್ರದರ್, ನಿಮ್ಮ ಮೂರೂ ಪ್ರಶ್ನೆ ಒಳ್ಳೆಯವು. ಬೈಬಲಿನೊಳಗಿನಿಂದಲೇ ಉತ್ತರ ಕೊಡುತ್ತೇನೆ.

‘ಇಡೀ ಲೋಕ’ ವಿಷಯ. ಲೂಕ 2ರಲ್ಲಿ ಔಗುಸ್ತ ಚಕ್ರವರ್ತಿ ಲೋಕಕ್ಕೆಲ್ಲ ಖಾನೇಷುಮಾರಿ ಮಾಡಿಸಿದ ಅಂತಿದೆ. ಅವನು ಕೊಡಗಿನ ತಲೆ ಎಣಿಸಲಿಲ್ಲ. ಕೊಲೊಸ್ಸೆ 1:23ರಲ್ಲಿ ಅಪೊಸ್ತಲ ಪೌಲನೇ ಬರೆಯುತ್ತಾನೆ, ಸುವಾರ್ತೆ ಆಕಾಶದ ಕೆಳಗಿರುವ ಸರ್ವಸೃಷ್ಟಿಗೂ ಸಾರಲ್ಪಟ್ಟಿದೆ ಅಂತ. ಅವನ ಕಾಲಕ್ಕೇ ಆಗಿದೆ ಎನ್ನುತ್ತಾನೆ.

‘ಅಂಥ ಸಂಕಟ ಆಗಿಲ್ಲ, ಆಗುವುದೂ ಇಲ್ಲ’. ಯೆಹೆಜ್ಕೇಲ 5:9 ತೆರೆಯಿರಿ. ಬಾಬೆಲಿನವರಿಂದ ಯೆರೂಸಲೇಮ್ ಬೀಳುವುದರ ಬಗ್ಗೆ ದೇವರು ಅದೇ ಧಾಟಿಯಲ್ಲಿ ಮಾತಾಡುತ್ತಾನೆ: ಹಿಂದೆ ಮಾಡಿರದ್ದನ್ನು, ಮುಂದೆ ಮಾಡದ್ದನ್ನು ನಿನ್ನಲ್ಲಿ ಮಾಡುತ್ತೇನೆ ಎಂದು. ಅದನ್ನೂ ಅಕ್ಷರಕ್ಕೆ ಅಕ್ಷರ ಹಿಡಿದರೆ ಯೆಹೆಜ್ಕೇಲ 5, ಮತ್ತಾಯ 24 ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. ಪ್ರವಾದಿಗಳು ದೊಡ್ಡ ಆಪತ್ತನ್ನು ಹೇಳುವ ರೀತಿ ಅದು.

ಮೇಘಗಳ ಮಾತು ಮುಖ್ಯ. ಯೆಶಾಯ 19:1ರಲ್ಲಿ ಯೆಹೋವನು ಮೇಘವನ್ನೇರಿ ಐಗುಪ್ತಕ್ಕೆ (ಈಜಿಪ್ಟಿಗೆ) ಬರುತ್ತಾನೆ. ಐಗುಪ್ತದವರು ಆಕಾಶದಲ್ಲಿ ಯಾರನ್ನೂ ಕಾಣಲಿಲ್ಲ, ಶತ್ರು ಸೈನ್ಯ ಕಂಡರು. ಯೆಶಾಯ 13ರಲ್ಲಿ ನಕ್ಷತ್ರಗಳು ಬೆಳಕು ಕೊಡುವುದಿಲ್ಲ, ಸೂರ್ಯ ಹುಟ್ಟುವಾಗಲೇ ಕಪ್ಪಾಗುತ್ತಾನೆ. ಅದು ಬಾಬೆಲಿನ ಮೇಲಿನ ಪ್ರವಾದನೆ. ಬಾಬೆಲ್ ಪಾರಸಿಯರ ಕೈಗೆ ಬಿದ್ದದ್ದು ಕ್ರಿ.ಪೂ. 539ರಲ್ಲಿ. ಸೂರ್ಯ ಇವತ್ತಿಗೂ ಸರಿಯಾಗಿ ಹುಟ್ಟುತ್ತಿದ್ದಾನೆ. ಒಂದು ರಾಜ್ಯ ಉರುಳುವುದನ್ನು ಹೇಳಲು ಆಕಾಶವನ್ನೇ ಉರುಳಿಸುವುದು ಅವರ ಮಾತಿನ ರೂಢಿ. ಇನ್ನು ದಾನಿಯೇಲ 7:13ರಲ್ಲಿ ಮನುಷ್ಯಕುಮಾರನಂತಿದ್ದವನು ಮೇಘಗಳ ಜೊತೆ ಬರುವುದು ಭೂಮಿಗಲ್ಲ, ಮಹಾವೃದ್ಧನ ಅಂದರೆ ದೇವರ ಸನ್ನಿಧಿಗೆ. ರಾಜ್ಯ ಪಡೆಯಲು. ಯೇಸು ಎತ್ತಿಕೊಂಡದ್ದು ಅದೇ ಚಿತ್ರ.

ಅಂಜೂರದ ಮರದ ವಿಷಯ. ಹೂಮಳೆ ಬಿದ್ದು ತೋಟ ಬಿಳಿಯಾದ ಮೇಲೆ ಹತ್ತು ತಿಂಗಳ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ, ಕಾಫಿಯವನಿಗೆ ಗೊತ್ತು. ಅಷ್ಟೇ ಆ ಸಾಮತಿ. ಅದರಲ್ಲಿ 1948 ಎಲ್ಲಿಂದ ಬಂತು? ಲೂಕ 21:29ರಲ್ಲಿ ‘ಅಂಜೂರದ ಮರವನ್ನೂ ಎಲ್ಲಾ ಮರಗಳನ್ನೂ ನೋಡಿರಿ’ ಅಂತಲೇ ಇದೆ. 1948ಕ್ಕೆ 40 ವರ್ಷ ಕೂಡಿಸಿ 1988ರಲ್ಲಿ ಸಭೆ, ಅಂದರೆ ವಿಶ್ವಾಸಿಗಳೆಲ್ಲ, ಆಕಾಶಕ್ಕೆ ಎತ್ತಲ್ಪಡುತ್ತಾರೆ ಎಂದು ಅಮೆರಿಕದಲ್ಲಿ ಪುಸ್ತಕವೇ ಬಂದಿತ್ತು. 1988 ಹೋಯಿತು.

ವಿರಾಜಪೇಟೆ ಟೀಚರ್

ನಾನು ಕಥೋಲಿಕಳು. ನಮ್ಮಲ್ಲಿ ಈ ವಾಚನಗಳು ಪ್ರತಿ ವರ್ಷ ನವೆಂಬರ್‌ನಲ್ಲಿ, ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಹೊಸ್ತಿಲಲ್ಲಿ ಬರುತ್ತವೆ. ಆ ಭಾನುವಾರ ಪ್ರಬೋಧನೆ ಕೇಳುವಾಗ ಹಿಂದಿನ ಬೆಂಚಿನ ಮಕ್ಕಳ ಮುಖ ನೋಡಬೇಕು!

ರೈಟರ್ ಹೇಳಿದ್ದು ಹೊಸದೇನಲ್ಲ ಅಂತ ಹೇಳಲು ಬಂದೆ. ನಾಲ್ಕನೇ ಶತಮಾನದ ಕೊನೆಯಲ್ಲಿ ಸಂತ ಜಾನ್ ಕ್ರಿಸೊಸ್ತೊಮರು ಮತ್ತಾಯನ ಮೇಲೆ ಕೊಟ್ಟ ಪ್ರಬೋಧನೆಗಳಲ್ಲಿ ಈ ಅಧ್ಯಾಯದ ಬಹಳಷ್ಟನ್ನು ಜೆರುಸಲೇಮಿನ ಪತನಕ್ಕೇ ಹೊಂದಿಸುತ್ತಾರೆ. ಜೋಸೆಫಸ್‌ನನ್ನೂ ಸಾಕ್ಷಿಗೆ ಕರೆಯುತ್ತಾರೆ. ಅವರಿಗಿಂತ ಸ್ವಲ್ಪ ಮೊದಲಿನ ಚರಿತ್ರೆಕಾರ ಯುಸೇಬಿಯಸ್ ಕೂಡ ಹಾಗೆಯೇ. ಯುದ್ಧಕ್ಕೆ ಮೊದಲು ಜೆರುಸಲೇಮಿನ ಕ್ರೈಸ್ತರು ಜೋರ್ಡಾನ್ ನದಿ ದಾಟಿ ಪೆಲ್ಲಾ ಎಂಬ ಊರಿಗೆ ಓಡಿಹೋಗಿ ಬದುಕಿಕೊಂಡರು ಎಂದು ಬರೆದಿರುವುದು ಅವನೇ.

ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥವನ್ನು ಪೂರ್ತಿ ಹಳೇ ಕಾಲಕ್ಕೆ ಹೊಂದಿಸಿ ದೊಡ್ಡದಾಗಿ ಬರೆದವರು ಲೂಯಿಸ್ ದೆ ಅಲ್ಕಸಾರ್ ಎಂಬ ಸ್ಪೇನಿನ ಯೇಸುಸಭೆಯ ಗುರು. ಅವರ ಪುಸ್ತಕ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1614ರಲ್ಲಿ. ತಮಾಷೆ ನೋಡಿ. ಅದೇ ಸ್ಪೇನಿನ ಅದೇ ಯೇಸುಸಭೆಯ ಫ್ರಾನ್ಸಿಸ್ಕೊ ರಿಬೇರಾ 1590ರ ಸುಮಾರಿಗೆ ‘ಹೆಚ್ಚಿನದೆಲ್ಲ ಮುಂದೆ ಆಗುವುದು’ ಎಂದು ಬರೆದಿದ್ದರು. ಆಗ ಪ್ರೊಟೆಸ್ಟೆಂಟರು ಪೋಪರನ್ನೇ ಕ್ರಿಸ್ತವಿರೋಧಿ ಎನ್ನುತ್ತಿದ್ದರು. ಒಬ್ಬರು ಆ ಕ್ರಿಸ್ತವಿರೋಧಿಯನ್ನು ಹಳೇ ಕಾಲಕ್ಕೆ ಹಿಂದಕ್ಕೆ ತಳ್ಳಿದರು, ಇನ್ನೊಬ್ಬರು ಮುಂದಕ್ಕೆ ತಳ್ಳಿದರು. ಪೋಪರು ಎರಡೂ ಕಡೆಯಿಂದ ಪಾರು!

ಅದಕ್ಕೇ ಪ್ರೊಟೆಸ್ಟೆಂಟರಲ್ಲಿ ಬಹಳ ಕಾಲ ಈ ವಾದವೆಂದರೆ ಅನುಮಾನ. ಈಗ ನಮ್ಮ ರೈಟರ್ ಅದನ್ನು ಹೊತ್ತು ತಿರುಗುತ್ತಿದ್ದಾರೆ.

ಕುಶಾಲನಗರ ಬ್ರದರ್

ಟೀಚರ್, ಪೆಲ್ಲಾ ಕಥೆಯನ್ನು ಕೆಲವು ಇತಿಹಾಸಕಾರರು ಒಪ್ಪುವುದಿಲ್ಲ ಅಲ್ವಾ? ಯುಸೇಬಿಯಸ್ ಬರೆದದ್ದು ಸುಮಾರು 250 ವರ್ಷ ಕಳೆದ ಮೇಲೆ.

ರೈಟರ್ ಬ್ರದರ್, ಯೆಶಾಯನ ಉತ್ತರ ಯೋಚಿಸುವಂತಿದೆ. ಆದರೆ ಅಪೊಸ್ತಲರ ಕೃತ್ಯಗಳು 1:11ಕ್ಕೆ ಏನು ಮಾಡುತ್ತೀರಿ? ಹೋದ ರೀತಿಯಲ್ಲೇ ಬರುತ್ತಾನೆ ಎಂದು ದೂತರು ಹೇಳಿದರು. ಶಿಷ್ಯರು ಕಣ್ಣಾರೆ ನೋಡುತ್ತಿದ್ದಾಗ ಹೋದ. ಅದನ್ನೂ ರೋಮ್ ಸೈನ್ಯ ಅನ್ನುತ್ತೀರಾ?

ಸಿದ್ದಾಪುರ ರೈಟರ್

ಇಲ್ಲ ಬ್ರದರ್. ಅದು ಇನ್ನೂ ಬಾಕಿ. ಅದರಲ್ಲಿ ನೀವೂ ನಾನೂ ಒಂದೇ ಬೆಂಚು. ಮತ್ತಾಯ 24ರಲ್ಲೂ 36ನೇ ವಚನದಿಂದ ಮಾತು ಬದಲಾಗುತ್ತದೆ ಎಂಬುದು ನನ್ನ ಓದು. ಅಲ್ಲಿವರೆಗೆ ಗುರುತುಂಟು, ಗಡುವುಂಟು. ಅಲ್ಲಿಂದಾಚೆ ‘ಆ ದಿನ ಯಾರಿಗೂ ಗೊತ್ತಿಲ್ಲ’, ಗುರುತೇ ಇಲ್ಲ. ನೋಹನ ಕಾಲದ ಹಾಗೆ ಜನ ಉಣ್ಣುತ್ತಾ ಮದುವೆ ಮಾಡುತ್ತಾ ಇರುವಾಗಲೇ ಬರುತ್ತದೆ.

ಗೋಣಿಕೊಪ್ಪ ಬೆಂಗಳೂರು

ಇಷ್ಟು ಹೊತ್ತು ಓದುತ್ತಿದ್ದೆ. ಈಗ ಬರೆಯಲೇಬೇಕು. ಅಣ್ಣಾ, ನೀವು ಅರ್ಧ ದಾರಿಯಲ್ಲಿ ಬಸ್ ಇಳಿದಿದ್ದೀರಿ. 36ನೇ ವಚನದಲ್ಲಿ ಗೆರೆ ಎಳೆಯಲು ಆಗುವುದಿಲ್ಲ. ಲೂಕ 17 ನೋಡಿ. ಅಲ್ಲಿ ನೋಹನ ದಿನ, ಮಾಳಿಗೆ ಮೇಲಿರುವವನು, ಬೀಸುವ ಇಬ್ಬರು ಹೆಂಗಸರು, ಹದ್ದುಗಳು, ಎಲ್ಲಾ ಒಟ್ಟಿಗೇ ಇವೆ. ಮತ್ತಾಯನಲ್ಲಿ ಮಾಳಿಗೆ ಮತ್ತು ಹದ್ದು ನಿಮ್ಮ ಗೆರೆಯ ಈಚೆ, ನೋಹ ಮತ್ತು ಬೀಸುವ ಹೆಂಗಸರು ಆಚೆ. ಲೂಕ ಅವನ್ನು ಕಲಸಿ ಇಟ್ಟಿದ್ದಾನೆ. ಅಂದರೆ ಅವನಿಗೆ ಎಲ್ಲಾ ಒಂದೇ ಘಟನೆ.

ಮತ್ತಾಯ 16:28 ಕೂಡ ಇದೆ. ಇಲ್ಲಿ ನಿಂತಿರುವವರಲ್ಲಿ ಕೆಲವರು ಸಾಯುವ ಮೊದಲು ಮನುಷ್ಯಕುಮಾರನು ಬರುವುದನ್ನು ನೋಡುತ್ತಾರೆ. 10:23: ಇಸ್ರೇಲಿನ ಊರುಗಳನ್ನು ಸುತ್ತಿ ಮುಗಿಸುವುದರೊಳಗೆ ಬರುತ್ತಾನೆ. ಪ್ರಕಟನೆ ಶುರುವಿನಲ್ಲೂ ಕೊನೆಯಲ್ಲೂ ‘ಸಮಯ ಸಮೀಪ’. ಜೇಮ್ಸ್ ಸ್ಟುವರ್ಟ್ ರಸೆಲ್ ಎಂಬ ಪಾಸ್ಟರ್ 1878ರಲ್ಲೇ ಇದನ್ನೆಲ್ಲ ಒಂದೊಂದಾಗಿ ಎತ್ತಿ ತೋರಿಸಿದ. ಬಂದಾಯಿತು. ಹಳೇ ಒಡಂಬಡಿಕೆಯ ಲೋಕ ಮುಗಿಯಿತು. ಇನ್ನೂ ಕಾಯುವುದು ಯಾಕೆ?

ವಿರಾಜಪೇಟೆ ಟೀಚರ್

ಮಗಾ, ಒಂದು ಸಣ್ಣ ಪ್ರಶ್ನೆ. 1 ಕೊರಿಂಥ 11:26ರಲ್ಲಿ ಪೌಲರು ಹೇಳುತ್ತಾರೆ: ಈ ರೊಟ್ಟಿ ತಿಂದು ಈ ಪಾತ್ರೆಯಲ್ಲಿ ಕುಡಿಯುವಾಗಲೆಲ್ಲ ಪ್ರಭುವಿನ ಮರಣವನ್ನು ಸಾರುತ್ತೀರಿ, ಅವರು ಬರುವ ತನಕ. ಬಂದಾಯಿತು ಅಂದರೆ ಮುಂದಿನ ಭಾನುವಾರ ಯಾವ ಲೆಕ್ಕದಲ್ಲಿ ಪರಮಪ್ರಸಾದ ಸ್ವೀಕರಿಸುತ್ತೀಯಾ? 381ರ ವಿಶ್ವಾಸಸಂಗ್ರಹದಲ್ಲಿ ಜೀವಂತರಿಗೂ ಮೃತರಿಗೂ ನ್ಯಾಯ ತೀರಿಸಲು ಪುನಃ ಬರುವರು ಎಂದಿದೆ. ಆ ಸಾಲು ಬಂದಾಗ ಬಾಯಿ ಮುಚ್ಚಿ ನಿಲ್ಲುತ್ತೀಯಾ?

ಕುಶಾಲನಗರ ಬ್ರದರ್

2 ತಿಮೊಥೆಯ 2:18. ಪುನರುತ್ಥಾನ ಆಗಿಹೋಯಿತು ಎಂದು ಹೇಳಿ ಕೆಲವರ ನಂಬಿಕೆ ಕೆಡಿಸಿದವರ ಹೆಸರೇ ಬರೆದಿದ್ದಾನೆ ಪೌಲ. ಹುಮೆನಾಯ, ಫಿಲೇತ. ಗೋಣಿಕೊಪ್ಪ ಬ್ರದರ್, ಆ ಪಟ್ಟಿಗೆ ಸೇರಬೇಡಿ.

ಗೋಣಿಕೊಪ್ಪ ಬೆಂಗಳೂರು

ಆ ಪತ್ರ ಬರೆದದ್ದು 70ಕ್ಕಿಂತ ಮೊದಲು. ಆಗ ‘ಆಗಿಹೋಯಿತು’ ಅನ್ನುವುದು ಸುಳ್ಳು. ಆಮೇಲೆ ಅಂದರೆ ಸುಳ್ಳಲ್ಲ. ಟೀಚರ್ ಪ್ರಶ್ನೆಗೆ ನಮ್ಮಲ್ಲೇ ಒಮ್ಮತ ಇಲ್ಲ. ಕೆಲವರು ಕರ್ತನ ಭೋಜನ ನಿಲ್ಲಿಸಿದ್ದಾರೆ, ಹೆಚ್ಚಿನವರು ಮಾಡುತ್ತಾರೆ.

ಸಿದ್ದಾಪುರ ರೈಟರ್

ತಮ್ಮಾ, ಲೂಕ 17ರ ಪಾಯಿಂಟ್ ಗಟ್ಟಿ, ಒಪ್ಪಿದೆ. ಆದರೆ ಅಲ್ಲಿ ಮಾತು ಶುರುವಾಗುವುದು ಫರಿಸಾಯರ ಪ್ರಶ್ನೆಯಿಂದ, ಯೆರೂಸಲೇಮಿಗೆ ಹೋಗುವ ದಾರಿಯಲ್ಲಿ. ದೇವಾಲಯದ ಸುದ್ದಿಯೇ ಇಲ್ಲ. ಊರೂರು ಸುತ್ತುವ ಬೋಧಕ ಒಂದೇ ಮಾತನ್ನು ಎರಡು ಕಡೆ ಹೇಳುವುದು ವಿಚಿತ್ರವೇನಲ್ಲ.

ನನಗೆ ನಿಮ್ಮ ವಾದ ಗಂಟಲಲ್ಲಿ ಇಳಿಯದಿರುವುದು 1 ಕೊರಿಂಥ 15ರಲ್ಲಿ. ಕಡೆಯ ಶತ್ರು ಮರಣ, ಅದೂ ನಾಶವಾಗುತ್ತದೆ ಎನ್ನುತ್ತಾನೆ ಪೌಲ. ಕ್ರಿಸ್ತನು ಎದ್ದ ಹಾಗೆಯೇ ಸತ್ತವರು ಏಳುತ್ತಾರೆ ಎನ್ನುತ್ತಾನೆ. ಕ್ರಿಸ್ತನ ಸಮಾಧಿ ಖಾಲಿಯಾಯಿತು. 70ರಲ್ಲಿ ಯಾರ ಸಮಾಧಿ ಖಾಲಿಯಾಯಿತು? ‘ಅದು ಒಡಂಬಡಿಕೆಯ ಪುನರುತ್ಥಾನ, ಆತ್ಮಿಕ ಅರ್ಥ’ ಎಂದು ನಿಮ್ಮವರು ಬರೆದದ್ದು ಓದಿದ್ದೇನೆ. ಸೂರ್ಯ ಚಂದ್ರರನ್ನು ನಾನು ಚಿತ್ರದ ಮಾತು ಎಂದೆ, ಯಾಕೆಂದರೆ ಯೆಶಾಯ, ಯೆಹೆಜ್ಕೇಲರಲ್ಲಿ ಅದಕ್ಕೆ ಆಧಾರವಿದೆ. ಸತ್ತ ದೇಹ ಏಳುವುದನ್ನು ಪೌಲ ಹಾಗೆ ಬಳಸುತ್ತಿಲ್ಲ. ಅವನು ವಾದ ಮಾಡುತ್ತಿರುವುದೇ ‘ಪುನರುತ್ಥಾನ ಇಲ್ಲ’ ಎನ್ನುವವರ ಜೊತೆ. ಸಾವಿನ ಮನೆಯಲ್ಲಿ ಕೂತು ‘ಎಲ್ಲಾ ನೆರವೇರಿದೆ’ ಅಂತ ಹೇಳಲು ನನ್ನಿಂದ ಆಗುವುದಿಲ್ಲ.

ಪೊನ್ನಂಪೇಟೆ ಲೈಬ್ರರಿ

ದಿನ ಗುರುತು ಹಾಕುವವರ ಬಗ್ಗೆ ಒಂದು ಸಂಗತಿ. ರೈಟರ್ ಅವರ ಸಭೆಗೂ ಬೇರು ಬಾಸೆಲ್ ಮಿಷನ್‌ನಲ್ಲೇ ಇರಬೇಕು. ಆ ಮಿಷನ್‌ನ ಹರ್ಮನ್ ಮೊಗ್ಲಿಂಗ್ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. 1850ರ ದಶಕದಲ್ಲಿ ಕೊಡಗಿಗೆ ಬಂದರು, ಆನಂದಪುರ ಎಂಬ ಊರು ಅವರ ಕಾಲದ್ದೇ. ಅದೇ ವುರ್ಟೆಂಬರ್ಗ್‌ನಲ್ಲಿ ಅವರಿಗಿಂತ ಮುಂಚಿನ ಬೆಂಗೆಲ್ ಎಂಬ ದೊಡ್ಡ ಬೈಬಲ್ ಪಂಡಿತ ಪ್ರಕಟನೆಯ ಅಂಕಿಗಳನ್ನು ಕೂಡಿಸಿ ಕಳೆದು, 1836ರಲ್ಲಿ ಕ್ರಿಸ್ತನ ಸಾವಿರ ವರ್ಷದ ಆಳಿಕೆ ಶುರು ಎಂದು ಲೆಕ್ಕ ಹಾಕಿದ್ದ. ಜನ ನಂಬಿದ್ದರು ಕೂಡ. 1836 ಬಂತು, ಹೋಯಿತು. ಮೊಗ್ಲಿಂಗ್ ಮಂಗಳೂರಿಗೆ ಬಂದದ್ದು ಅದೇ ವರ್ಷ. ಏಳು ವರ್ಷಕ್ಕೆ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದರು.

ಬೆಂಗೆಲ್ ಆದ ಮೇಲೆ ಅಮೆರಿಕದ ಮಿಲ್ಲರ್ 1844 ಅಂದ. ಅಲ್ಲಿಯೇ ರೇಡಿಯೊದಲ್ಲಿ ಮಾತಾಡುತ್ತಿದ್ದ ಕ್ಯಾಂಪಿಂಗ್ 2011ರ ಮೇ 21 ಅಂದ. ಈಗ ಕೇಳುವ ‘ಸಭೆ ಮೊದಲು ಎತ್ತಲ್ಪಡುತ್ತದೆ, ಆಮೇಲೆ ಏಳು ವರ್ಷ ಮಹಾ ಸಂಕಟ’ ಎಂಬ ಕ್ರಮವೂ ಜಾನ್ ನೆಲ್ಸನ್ ಡಾರ್ಬಿ 1830ರ ದಶಕದಲ್ಲಿ ಕಟ್ಟಿಕೊಟ್ಟದ್ದು. 1909ರ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳಿಂದ ಊರೂರಿಗೆ ಹಬ್ಬಿತು.

ಮಕ್ಕಂದೂರು ಹುಡುಗ

ಒಂದು ಮಾತು ಯಾರೂ ಕೇಳಲಿಲ್ಲ. ಸತ್ತವರು ಯೆಹೂದ್ಯರು. ಅವರೇನು ಹೇಳುತ್ತಾರೆ? ಇಲ್ಲಿ ಎಲ್ಲರೂ ಅವರ ಊರು ಸುಟ್ಟದ್ದನ್ನು ‘ನೆರವೇರಿತು, ನೆರವೇರಿತು’ ಅಂತಿದ್ದೀರಿ. ನಮ್ಮೂರು ಜರಿದಾಗ ಯಾರಾದರೂ ಹಾಗೆ ಅಂದಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಅಂದಿದ್ದರು, ಸಿಟ್ಟೂ ಬಂದಿತ್ತು.

ವಿರಾಜಪೇಟೆ ಟೀಚರ್

ಸರಿಯಾಗಿ ಕೇಳಿದೆ. ಯೆಹೂದ್ಯರು ಆವ್ ತಿಂಗಳ ಒಂಬತ್ತನೇ ದಿನ ಇಂದಿಗೂ ಉಪವಾಸ ಮಾಡುತ್ತಾರೆ. ಎರಡೂ ದೇವಾಲಯ ಬಿದ್ದದ್ದರ ದುಃಖಕ್ಕೆ. ನೆಲದ ಮೇಲೆ ಕೂತು ಪ್ರಲಾಪಗಳ ಗ್ರಂಥ ಓದುತ್ತಾರೆ. ಬಲಿಪೀಠ ಹೋದ ಮೇಲೆ ಯೊಹಾನಾನ್ ಬೆನ್ ಜಕ್ಕಾಯ್ ಎಂಬ ಗುರು ಯಾವ್ನೆಯಲ್ಲಿ ಪಾಠಶಾಲೆ ನಡೆಸಿದರು, ಅಲ್ಲಿಂದ ಅವರ ಧರ್ಮ ಮತ್ತೆ ಎದ್ದು ನಿಂತಿತು.

ಕ್ರೈಸ್ತರು ನಾಚಬೇಕಾದ ಭಾಗವೂ ಇಲ್ಲಿದೆ. 70ನ್ನು ‘ಯೆಹೂದ್ಯರಿಗೆ ಆದ ತಕ್ಕ ಶಾಸ್ತಿ’ ಎಂದು ಶತಮಾನಗಟ್ಟಲೆ ಪೀಠದಿಂದ ಹೇಳಿದ್ದೇವೆ. ನಾನು ಮೇಲೆ ಹೆಸರು ಹೇಳಿದ ಕ್ರಿಸೊಸ್ತೊಮರೇ ಯೆಹೂದ್ಯರ ಮೇಲೆ ಓದಲಾರದಂಥ ಮಾತು ಆಡಿದ್ದಾರೆ. ಆ ಮಾತುಗಳು ಯುರೋಪಿನಲ್ಲಿ ಏನು ಮಾಡಿದವು ಎಂಬುದು ಬ್ರದರ್ ಹೇಳಿದ 60 ಲಕ್ಷದ ಲೆಕ್ಕದಲ್ಲೂ ಇದೆ. ರೈಟರ್, ನಿಮ್ಮ ಕ್ಲಾಸಿನಲ್ಲಿ ಈ ಪಾಠ ಮಾಡುವುದಾದರೆ ಲೂಕ 19:41ನ್ನು ಬಿಡಬೇಡಿ. ಊರು ಕಂಡಾಗ ಯೇಸುಸ್ವಾಮಿ ಅತ್ತರು. ಆಮೇಲೆ ಮುತ್ತಿಗೆಯ ಮಾತು. ಆ ಊರು ಅವರದೂ ಹೌದು.

ಸಿದ್ದಾಪುರ ರೈಟರ್

ಟೀಚರ್, ಅದರಿಂದಲೇ ಶುರು ಮಾಡುತ್ತೇನೆ. ಮತ್ತಾಯ 24ಕ್ಕೆ ಹೋಗುವ ಮೊದಲು ಲೂಕ 19.

ಮಕ್ಕಂದೂರು ತಮ್ಮಾ, ನೀನು ಹೇಳಿದ ಸಿಟ್ಟೇ ನನ್ನನ್ನು ಈ ಅಧ್ಯಾಯಕ್ಕೆ ಕಳಿಸಿದ್ದು. ಅದು ಆ ಊರಿನವರಿಗೆ, ಆ ಊರಿನವನೇ ಕೊಟ್ಟ ಎಚ್ಚರಿಕೆ. ಇನ್ನೊಬ್ಬರ ಆಪತ್ತಿನ ಮೇಲೆ ಅಂಟಿಸಲು ಕೊಟ್ಟ ಚೀಟಿ ಅಲ್ಲ.

ಕುಶಾಲನಗರ ಬ್ರದರ್

ಆ ಪ್ರಸಂಗ ಮಾಡಿದವರಲ್ಲಿ ನಮ್ಮ ಕಡೆಯವರೂ ಇದ್ದಿರಬಹುದು. ಅಂಥ ಕಡೆ ಮೊದಲು ಅಕ್ಕಿ, ಕಂಬಳಿ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ಹುಡುಗರು ಕೊಟ್ಟಿದ್ದಾರೆ ಕೂಡ.

ಆದರೆ ವಾದ ಬಿಡುವುದಿಲ್ಲ. ಪ್ರಕಟನೆಯಲ್ಲಿ ಮೃಗದ ಅಂಕಿ 666 ಅಂತಿದೆಯಲ್ಲ, ಅದಕ್ಕೆ ಏನು ಮಾಡುತ್ತೀರಿ? ಅದೂ ಆಗಿಹೋಯಿತಾ?

ಗೋಣಿಕೊಪ್ಪ ಬೆಂಗಳೂರು

ಬಾರ್‌ಕೋಡ್ ಆಯಿತು, ಆಧಾರ್ ಆಯಿತು, ಲಸಿಕೆ ಆಯಿತು. ಇನ್ನೇನು ಉಳಿದಿದೆ ಬ್ರದರ್, ಫಾಸ್ಟ್ಯಾಗಾ? 🙂

ಪೊನ್ನಂಪೇಟೆ ಲೈಬ್ರರಿ

ಪ್ರೆಟರಿಸ್ಟರ ಉತ್ತರ ನೀರೋ. ಹೀಬ್ರೂವಿನಲ್ಲಿ ಅಕ್ಷರಕ್ಕೇ ಬೆಲೆಯುಂಟು. ‘ನೆರೋನ್ ಕೈಸರ್’ ಎಂದು ಬರೆದರೆ ನೆರೋನ್ 50, 200, 6, 50. ಕೈಸರ್ 100, 60, 200. ಕೂಡಿದರೆ 666. ಲ್ಯಾಟಿನ್ ರೀತಿಯಲ್ಲಿ ಕೊನೆಯ ‘ನ್’ ಬಿಟ್ಟರೆ 50 ಕಡಿಮೆ, 616. ಕುತೂಹಲ ಅಂದರೆ ಕೆಲವು ಹಳೇ ಪ್ರತಿಗಳಲ್ಲಿ 666ರ ಜಾಗದಲ್ಲಿ 616 ಎಂದೇ ಇದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಒಂದು ಪಪೈರಸ್‌ನಲ್ಲೂ ಹಾಗೆಯೇ. ಎರಡೂ ಅಂಕಿ ಒಬ್ಬನಿಗೇ ಹೊಂದುವುದು ಸುಮ್ನೆ ತಳ್ಳಿಹಾಕುವ ಮಾತಲ್ಲ.

ಕುಶಾಲನಗರ ಬ್ರದರ್

ಲೈಬ್ರರಿಯವರೇ, ಐರೇನಿಯಸ್ ಎಂಬ ಹಳೇ ಬಿಷಪ್ ಬಗ್ಗೆ ನಾನೂ ಸ್ವಲ್ಪ ಓದಿದ್ದೇನೆ. ಸುಮಾರು 180ರಲ್ಲಿ ಬರೆದವನು. ಚಿಕ್ಕವನಿದ್ದಾಗ ಪೊಲಿಕಾರ್ಪನ ಮಾತು ಕೇಳಿದವನು, ಪೊಲಿಕಾರ್ಪ ಯೋಹಾನನನ್ನು ಕಂಡವನು ಎಂದು ಅವನೇ ಹೇಳುತ್ತಾನೆ. ಆ ಐರೇನಿಯಸ್‌ಗೆ 616 ಪ್ರತಿಗಳು ಗೊತ್ತಿದ್ದವು, ಅದು ತಪ್ಪು ಎಂದ. 666ಕ್ಕೆ ಮೂರು ಹೆಸರು ಸೂಚಿಸಿದ. ಅದರಲ್ಲಿ ನೀರೋ ಇಲ್ಲ. ಇನ್ನೂ ಒಂದು. ಪ್ರಕಟನೆಯ ದರ್ಶನ ಕಂಡದ್ದು ರೋಮ್ ಚಕ್ರವರ್ತಿ ಡೊಮಿಷಿಯನ್ ಆಳಿಕೆಯ ಕೊನೆಯಲ್ಲಿ ಎಂದೂ ಅವನೇ ಬರೆದಿದ್ದಾನೆ. ಅಂದರೆ ಸುಮಾರು 95. ಆಗ ದೇವಾಲಯ ಬಿದ್ದು 25 ವರ್ಷ. ಆಗಿಹೋದ ಊರಿನ ಬಗ್ಗೆ ‘ಬೇಗನೆ ಆಗಲಿದೆ’ ಎಂದು ಯೋಹಾನ ಯಾಕೆ ಬರೆಯುತ್ತಾನೆ?

ಸಿದ್ದಾಪುರ ರೈಟರ್

ಬ್ರದರ್, ಒಳ್ಳೇ ಜಾಗಕ್ಕೇ ಹೊಡೆದಿರಿ. ಪ್ರಕಟನೆ 11ರಲ್ಲಿ ದೇವಾಲಯವನ್ನು ಅಳತೆ ಮಾಡು ಎಂದು ಹೇಳುವುದನ್ನು ನೋಡಿ, ಆಗ ಅದು ಇನ್ನೂ ನಿಂತಿತ್ತು ಎನ್ನುತ್ತಾರೆ 70ಕ್ಕೆ ಮೊದಲು ಎನ್ನುವವರು. ಯೆಹೆಜ್ಕೇಲನೂ ದೇವಾಲಯ ಬಿದ್ದ ಮೇಲೆಯೇ ದರ್ಶನದಲ್ಲಿ ದೇವಾಲಯ ಅಳೆಯುವುದನ್ನು ಕಂಡಿದ್ದ ಎನ್ನುತ್ತಾರೆ 95ರವರು. ಇತಿಹಾಸಕಾರರಲ್ಲಿ ಜಾಸ್ತಿ ಜನ 95ರ ಕಡೆ. ನಾನೂ ಅದಕ್ಕೇ ಪ್ರಕಟನೆಯನ್ನು 70ರ ಚೀಲಕ್ಕೆ ತುಂಬಲು ಹೋಗುವುದಿಲ್ಲ. ಮತ್ತಾಯ 24ಕ್ಕೆ ಅದರ ಹಂಗೂ ಬೇಕಿಲ್ಲ, ಆ ಅಧ್ಯಾಯದೊಳಗೇ ದೇವಾಲಯ ಇದೆ, ಗಡುವೂ ಇದೆ.

ಪ್ರಕಟನೆಗೆ ಬೇರೆ ಥ್ರೆಡ್ ತೆರೆಯೋಣ, ಇಲ್ಲಿ ಕಲಸುವುದು ಬೇಡ. ಬ್ರದರ್, ಅದನ್ನು ನೀವೇ ಶುರು ಮಾಡಿ, ಐರೇನಿಯಸ್‌ನಿಂದಲೇ. ಗೋಣಿಕೊಪ್ಪ ತಮ್ಮಾ, 1 ಕೊರಿಂಥ 15ಕ್ಕೆ ನಿನ್ನ ಉತ್ತರ ಇನ್ನೂ ಬಂದಿಲ್ಲ.